ಹತ್ತು ಮನೆ ಸೇರಿ ಹೊಸ ಮೆಣಸಿನಕಾಯಿ ತಳಿ ಮಾಡುವುದು ಹೇಗೆ? ಮೊದಲ ಹೂವಿನಿಂದ ಕೊನೆಯ ಬೀಜದವರೆಗೆ

ಬ್ಯಾಡಗಿ ಡಬ್ಬಿಯನ್ನು ಯಾವುದೋ ಲ್ಯಾಬಿನಲ್ಲಿ ತಯಾರು ಮಾಡಿದ್ದಲ್ಲ. ಪೋರ್ಚುಗೀಸರ ಕಾಲದಲ್ಲಿ ನಮ್ಮ ನೆಲಕ್ಕೆ ಬಂದ ಬೆಳೆ ಮೆಣಸಿನಕಾಯಿ. ಆಮೇಲೆ ಹಾವೇರಿ, ಧಾರವಾಡ, ಗದಗ ಕಡೆಯ ರೈತರು ವರ್ಷ ವರ್ಷವೂ ಚಂದದ ಕಾಯಿ ಆರಿಸಿ, ಬೀಜ ಎತ್ತಿಟ್ಟು, ಪಕ್ಕದ ಮನೆಗೆ ಕೊಟ್ಟು, ಬೀಗರ ಊರಿಗೂ ಕಳಿಸಿ, ಆ ಸುಕ್ಕು, ಆ ಕಡುಗೆಂಪು, ಆ ಹದವಾದ ಖಾರ ಮೂರನ್ನೂ ಒಂದೇ ಕಾಯಿಗೆ ತಂದರು. ಈಗ ಅದೇ ಹೊಲಗಳಲ್ಲಿ 2043, 5531 ಅಂತ ನಂಬರಿನ ಹೈಬ್ರಿಡ್‌ಗಳ ಮಾತೇ ಜಾಸ್ತಿ. ಇಳುವರಿ ಬರುತ್ತದೆ, ಅದು ನಿಜ. ಆದರೆ ಬೀಜಕ್ಕೆ ಪ್ರತಿ ವರ್ಷ ಅಂಗಡಿ ಮೆಟ್ಟಿಲು ಹತ್ತಬೇಕು. ಜವಾರಿ ಡಬ್ಬಿ ಹಾಕಿದವರಿಗೆ ಎಲೆ ಮುದುಡುವ ಮುಟುರು ರೋಗದ ಕಾಟ ಮೊದಲಿಂದಲೂ ಇತ್ತು, 2021ರ ಹಂಗಾಮಿನಿಂದ ಕಪ್ಪು ಥ್ರಿಪ್ಸ್ ಅನ್ನುವ ಕೀಟವೂ ಸೇರಿಕೊಂಡಿದೆ.

ಹಾಗಾದರೆ ಹೊಸ ತಳಿ ನಾವೇ ಮಾಡಬಹುದಾ? ಮಾಡಬಹುದು. ಒಬ್ಬರೇ ಮಾಡುವುದು ಬಹಳ ಕಷ್ಟ, ಯಾಕೆ ಅಂತ ಮುಂದೆ ಲೆಕ್ಕ ಸಮೇತ ಹೇಳುತ್ತೇನೆ. ಎಂಟು ಹತ್ತು ಮನೆಯವರು ಸೇರಿದರೆ ನಾಲ್ಕೈದು ವರ್ಷದಲ್ಲಿ ನಿಮ್ಮದೇ ಅನ್ನುವ ಒಂದು ತಳಿ ಕೈಗೆ ಬರುತ್ತದೆ. ಮೆಣಸಿನ ಹೂವು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು, ಒಂದು ಕಾಯಿಯಲ್ಲಿ ಹತ್ತಾರು ಬೀಜ ಸಿಗುತ್ತವೆ, ಗಿಡವನ್ನು ಕುಂಡದಲ್ಲೂ ಬೆಳೆಸಬಹುದು. ಹೊಸಬರು ಕೈ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಬೆಳೆ ಸಿಗುವುದು ಕಷ್ಟ.

ಮೊದಲು ಜನ ಸೇರಲಿ

ಎಲ್ಲರೂ ಚಿಮಟ ಹಿಡಿದು ಹೂವಿಗೆ ಕೈ ಹಾಕುವ ಆತುರದಲ್ಲಿರುತ್ತಾರೆ. ಅದಕ್ಕಿಂತ ಮುಂಚೆ ಯಾರ್ಯಾರು ಇರಬೇಕು ಅಂತ ನೋಡಿ. ಎಂಟರಿಂದ ಹನ್ನೆರಡು ಮನೆ ಸಾಕು. ಎಲ್ಲರಿಗೂ ಹೊಲವೇ ಇರಬೇಕು ಅಂತಿಲ್ಲ. ಹೊಲ ಇರುವ ನಾಲ್ಕೈದು ಜನ, ಹಿತ್ತಿಲು ಇರುವ ಇಬ್ಬರು ಮೂವರು, ಊರಲ್ಲೋ ಬೆಂಗಳೂರಲ್ಲೋ ತಾರಸಿ ತೋಟ ಮಾಡುವ ಒಂದಿಬ್ಬರು ಹೀಗೆ ಸೇರಿದರೆ ಒಳ್ಳೆಯದು. ತಾರಸಿಯವರನ್ನು ಹಗುರವಾಗಿ ನೋಡಬೇಡಿ. ಅಕ್ಕಪಕ್ಕ ಬೇರೆ ಮೆಣಸಿನ ಗಿಡ ಇಲ್ಲದ ತಾರಸಿ ಅಂದರೆ ಶುದ್ಧ ಬೀಜಕ್ಕೆ ಹೇಳಿ ಮಾಡಿಸಿದ ಜಾಗ. ಕ್ರಾಸ್ ಮಾಡುವ, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಹಾಕುವ ಕೆಲಸ ಮತ್ತು ಬೇಸಿಗೆಯಲ್ಲಿ ಒಂದು ತಲೆಮಾರು ಮುಂದೆ ತಳ್ಳುವ ಕೆಲಸ ಅವರಿಗೇ ಕೊಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮಸಾಲೆ ಪುಡಿ ಮಾಡುವ, ತೊಟ್ಟು ಬಿಡಿಸುವ ಕೆಲಸ ಮಾಡಿದ ಹೆಂಗಸರು ಮೊದಲ ದಿನದಿಂದಲೇ ಗುಂಪಿನಲ್ಲಿರಬೇಕು. ಬ್ಯಾಡಗಿ ಪೇಟೆಯಲ್ಲಿ ಕೂತು ದಿನವಿಡೀ ತೊಟ್ಟು ಬಿಡಿಸಿದವರಿಗೆ ಯಾವ ಕಾಯಿಯ ತೊಟ್ಟು ಸಲೀಸಾಗಿ ಕಳಚುತ್ತದೆ, ಯಾವುದು ಕಾಯಿಯನ್ನೇ ಹರಿಯುತ್ತದೆ, ಯಾವುದು ಮುಟ್ಟಿದರೆ ಪುಡಿಯಾಗುತ್ತದೆ ಅಂತ ಬೆರಳಿಗೇ ಗೊತ್ತಿರುತ್ತದೆ. ಹಸಿ ಗಿಡ ಮಾತ್ರ ನೋಡಿ ಆರಿಸುವವರಿಗೆ ಇದು ತಿಳಿಯುವುದೇ ಇಲ್ಲ.

ಗುಂಪಿನಲ್ಲಿ ಒಬ್ಬರು ಬೀಜದ ಲೆಕ್ಕ ಬರೆಯಲಿ. ಬೀಜ ಮಾತ್ರ ಎರಡು ಬೇರೆ ಬೇರೆ ಮನೆಯಲ್ಲಿರಲಿ. ಯಾವ ಬೀಜವನ್ನೂ ಪೂರ್ತಿ ಬಿತ್ತಬೇಡಿ. ಅರ್ಧ ಬಿತ್ತಿ, ಅರ್ಧ ಡಬ್ಬದಲ್ಲಿಡಿ. ಮಳೆ ಕೈಕೊಟ್ಟರೆ, ಮಡಿಗೆ ಕೋಳಿ ನುಗ್ಗಿದರೆ ಮತ್ತೆ ಶುರುಮಾಡುವುದಕ್ಕೆ ಏನಾದರೂ ಉಳಿದಿರಬೇಕಲ್ವಾ?

ಏನು ಬೇಕು ಅಂತ ಎರಡೇ ಸಾಲಲ್ಲಿ ಬರೆಯಿರಿ

"ಒಳ್ಳೆ ಮೆಣಸಿನಕಾಯಿ ಬೇಕು" ಅಂತ ಬರೆದರೆ ಪ್ರಯೋಜನ ಇಲ್ಲ. ಎಲ್ಲರೂ ಕೂತು ಮೂರು ಗುಣ ಆರಿಸಿ, ಮೂರೇ ಮೂರು. ಉದಾಹರಣೆಗೆ: "ಡಬ್ಬಿಯ ಬಣ್ಣ ಮತ್ತು ಸುಕ್ಕು ಇರಬೇಕು. ಮುಟುರು ರೋಗ ಬಂದರೂ ಗಿಡ ಕಾಯಿ ಬಿಡಬೇಕು. ತೊಟ್ಟು ಸುಲಭವಾಗಿ ಬಿಡಬೇಕು." ಈ ಮಾರ್ಗದರ್ಶಿಯಲ್ಲಿ ಇದೇ ಉದಾಹರಣೆ ಹಿಡಿದು ಹೋಗುತ್ತೇನೆ. ನಿಮ್ಮ ಗುಂಪಿಗೆ ಬಜ್ಜಿ ಮೆಣಸಿನಕಾಯಿ ಬೇಕಿರಬಹುದು, ಕುಂಡಕ್ಕೆ ಒಪ್ಪುವ ಗಿಡ್ಡ ಗಿಡ ಬೇಕಿರಬಹುದು, ದಾರಿ ಮಾತ್ರ ಒಂದೇ.

ಗುಣಗಳು ಜಾಸ್ತಿಯಾದಷ್ಟೂ ಬೆಳೆಸಬೇಕಾದ ಗಿಡಗಳು ಸಿಕ್ಕಾಪಟ್ಟೆ ಏರುತ್ತವೆ. ಬರೆದ ಎರಡು ಸಾಲನ್ನು ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ. ಮೂರನೇ ವರ್ಷ ಯಾರೋ ಒಬ್ಬರು ಹಳದಿ ಕಾಯಿಯ ಚಂದದ ಗಿಡ ನೋಡಿ ಮನಸ್ಸು ಕೊಡುತ್ತಾರೆ, ಆಗ ಈ ಪುಟ ಬೇಕಾಗುತ್ತದೆ. ಆ ಹಳದಿ ಗಿಡದ ಬೀಜ ತೆಗೆದಿಡಲಿ, ಬೇಡ ಅನ್ನುವುದಿಲ್ಲ. ಅದು ಬೇರೆ ಲೆಕ್ಕ.

ತಾಯಿ ಯಾವುದು, ತಂದೆ ಯಾವುದು

ಡಬ್ಬಿ ಒಂದು ಕಡೆ ಇರಲೇಬೇಕು. ಬೀಜಕ್ಕೆ ಪೇಟೆಯ ಚೀಲ ನಂಬಬೇಡಿ. ತಲೆಮಾರುಗಳಿಂದ ಸ್ವಂತ ಬೀಜ ಇಟ್ಟುಕೊಂಡಿರುವ ರೈತರನ್ನು ಹುಡುಕಿ. ಹಾವೇರಿ ಹತ್ತಿರದ ದೇವಿಹೊಸೂರಿನ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲೂ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ.

ಇನ್ನೊಂದು ಕಡೆಗೆ ಪೂಸಾ ಸದಾಬಹಾರ್ ತಗೊಳ್ಳೋಣ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಹಳೆಯ ತಳಿ ಇದು. ಕಾಯಿ ಗೊಂಚಲು ಗೊಂಚಲಾಗಿ ಆಕಾಶ ನೋಡುತ್ತವೆ, ಗಿಡ ವರ್ಷಗಟ್ಟಲೆ ನಿಲ್ಲುತ್ತದೆ, ಎಲೆ ಮುದುಡುವ ರೋಗವನ್ನು ತಡೆದುಕೊಳ್ಳುತ್ತದೆ ಅಂತ ಹೆಸರಿದೆ. ಹೈಬ್ರಿಡ್ ಅಲ್ಲದ ಕಾರಣ ಬೀಜ ಹಾಕಿದರೆ ಅದೇ ಬರುತ್ತದೆ. ಹೈಬ್ರಿಡ್ ಅನ್ನು ತಂದೆ ತಾಯಿ ಮಾಡಬಾರದು ಅಂತೇನೂ ಇಲ್ಲ. ಆದರೆ ಕೆಲವು ಹೈಬ್ರಿಡ್‌ಗಳನ್ನು ಪರಾಗವೇ ಇಲ್ಲದ ತಾಯಿ ಗಿಡದಿಂದ ಮಾಡಿರುತ್ತಾರೆ, ಮುಂದಿನ ತಲೆಮಾರಲ್ಲಿ ಕಾಯಿ ಕಟ್ಟದ ಗಿಡಗಳು ಬಂದು ಹೊಸಬರಿಗೆ ತಲೆಬಿಸಿಯಾಗುತ್ತದೆ.

ಸೂಜಿ ಮೆಣಸು, ಭೂತ್ ಜೊಲೋಕಿಯಾ ಇವು ಬೇರೆ ಜಾತಿಗೆ ಸೇರಿದವು. ಡಬ್ಬಿ ಜೊತೆ ಕ್ರಾಸ್ ಮಾಡಲು ಆಗುತ್ತದೆ, ಆದರೆ ಬೀಜ ಜೊಳ್ಳಾಗುವುದು, ಮೊಳೆಯದಿರುವುದು, ಗಿಡ ಬರಡಾಗುವುದು ಎಲ್ಲ ಇದ್ದದ್ದೇ. ಮೊದಲ ಸಲ ಆ ದಾರಿ ಬೇಡ.

ಈಗ ಒಂದು ಉಪಾಯ. ಸದಾಬಹಾರ್ ತಾಯಿಯಾಗಲಿ, ಡಬ್ಬಿ ತಂದೆಯಾಗಲಿ. ಕಾರಣ ಇದು: ಮೆಣಸಿನಲ್ಲಿ ಕಾಯಿ ಕೆಳಗೆ ಜೋತು ಬೀಳುವ ಗುಣ ಮೇಲುಗೈ, ಮೇಲ್ಮುಖವಾಗಿ ನಿಲ್ಲುವ ಗುಣ ಅಡಗುವಂಥದ್ದು. ಮೇಲ್ಮುಖ ಕಾಯಿಯ ತಾಯಿಯ ಬೀಜದಿಂದ ಬಂದ ಸಸಿಯಲ್ಲಿ ಕಾಯಿ ಜೋತು ಬಿದ್ದರೆ ಕ್ರಾಸ್ ಆಗಿದೆ ಅಂತ ಖಾತ್ರಿ. ಹಾಗೇ ಮೇಲ್ಮುಖವಾಗಿ ಬಂದರೆ ತಾಯಿ ತನ್ನದೇ ಪರಾಗದಿಂದ ಬೀಜ ಕಟ್ಟಿದ್ದಾಳೆ, ಆ ಗಿಡ ಬಿಟ್ಟುಬಿಡಿ. ಡಬ್ಬಿಯನ್ನೇ ತಾಯಿ ಮಾಡಿದರೆ ಈ ಪರೀಕ್ಷೆ ಸಿಗುವುದಿಲ್ಲ. ಕೆಂಪು ಹಳದಿಯ ಮೇಲೆ, ಖಾರ ಸಪ್ಪೆಯ ಮೇಲೆ ಮೇಲುಗೈ ಅನ್ನುವುದೂ ನೆನಪಿರಲಿ, ಬೇರೆ ಜೋಡಿ ಆರಿಸುವಾಗ ಉಪಯೋಗಕ್ಕೆ ಬರುತ್ತದೆ.

ಕ್ರಾಸ್ ಮಾಡುವುದು: ಒಂದು ಸಂಜೆ, ಒಂದು ಬೆಳಿಗ್ಗೆ

ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ಬಿಸಿಲು 35 ಡಿಗ್ರಿ ದಾಟಿದರೆ ಮೆಣಸು ಸುಮ್ನೆ ಹೂ ಉದುರಿಸುತ್ತದೆ, ನಿಮ್ಮ ಶ್ರಮವೂ ಅದರ ಜೊತೆ ಉದುರುತ್ತದೆ.

ಬೇಕಾದ ಸಾಮಾನು ಕಡಿಮೆ. ಚೂಪು ತುದಿಯ ಚಿಮಟ, ಸಣ್ಣ ಭೂತಗನ್ನಡಿ, ಬಣ್ಣದ ದಾರ, ಚೀಟಿ, ಪೆನ್ಸಿಲ್, ಸ್ವಲ್ಪ ಹತ್ತಿ. ಪೆನ್ ಬೇಡ, ಮಳೆಗೆ ಇಬ್ಬನಿಗೆ ಅಳಿಸಿಹೋಗುತ್ತದೆ.

ಸಂಜೆ ತಾಯಿ ಗಿಡದ ಹತ್ತಿರ ಕೂತು, ನಾಳೆ ಬೆಳಿಗ್ಗೆ ಅರಳುವ ಮೊಗ್ಗು ಹುಡುಕಿ. ಉಬ್ಬಿರಬೇಕು, ಬೆಳ್ಳಗಾಗಿರಬೇಕು, ಎಸಳು ಹಸಿರು ಬಟ್ಟಲಿನಿಂದ ಉದ್ದಕ್ಕೆ ಹೊರಗೆ ಬಂದಿರಬೇಕು, ಆದರೆ ಬಾಯಿ ಬಿಟ್ಟಿರಬಾರದು. ಬಾಯಿ ಬಿಟ್ಟಿದ್ದರೆ ಆ ಮೊಗ್ಗು ಬಿಡಿ. ಎಡಗೈ ಬೆರಳಲ್ಲಿ ತೊಟ್ಟು ಹಿಡಿದು ಎಸಳುಗಳನ್ನು ಮೆಲ್ಲಗೆ ಕಿತ್ತರೆ ಒಳಗೆ ಪರಾಗದ ಐದಾರು ಪುಟ್ಟ ಚೀಲಗಳು ನಡುಗಂಬವನ್ನು ಸುತ್ತುವರಿದು ನಿಂತಿರುವುದು ಕಾಣುತ್ತದೆ, ನೀಲಿಗೆ ತಿರುಗಿದ ಬೂದು ಬಣ್ಣ. ಒಂದೊಂದನ್ನೇ ಬುಡದಲ್ಲಿ ಹಿಡಿದು ತೆಗೆಯಿರಿ. ಹಿಸುಕಬೇಡಿ. ಆಮೇಲೆ ಭೂತಗನ್ನಡಿಯಲ್ಲಿ ನೋಡಿ. ಯಾವುದಾದರೂ ಚೀಲ ಸೀಳಿ ಕೆನೆ ಬಣ್ಣದ ಹಿಟ್ಟು ಚೆಲ್ಲಿದ್ದರೆ ಆ ಹೂವು ಲೆಕ್ಕಕ್ಕಿಲ್ಲ. ಎಲ್ಲ ಸರಿಯಿದ್ದರೆ ಉಳಿಯುವುದು ಹಸಿರು ಅಂಡಾಶಯ, ಅದರ ಮೇಲೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಸಣ್ಣ ಅಂಟು ಗುಂಡು. ಅದರ ಮೇಲೆ ಹತ್ತಿ ಹಗುರವಾಗಿ ಮುಚ್ಚಿ.

ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಡಬ್ಬಿ ಗಿಡದಲ್ಲಿ ಆಗಷ್ಟೇ ಅರಳಿದ ಹೂವು ನೋಡಿ. ಚೀಲಗಳು ಉದ್ದುದ್ದ ಸೀಳಿ ಪರಾಗ ಕಾಣುತ್ತಿರಬೇಕು. ಒಂದು ಚೀಲವನ್ನು ಚಿಮಟದಲ್ಲಿ ಹಿಡಿದು ತಂದು ತಾಯಿ ಹೂವಿನ ಅಂಟು ತುದಿಗೆ ಸವರಿ. ತುದಿ ಬೆಳ್ಳಗಾಗುವುದು ಕಾಣಬೇಕು. ಮತ್ತೆ ಹತ್ತಿ ಮುಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಚೀಟಿ ತೂಗುಹಾಕಿ. ಚಿಮಟವನ್ನು ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸಿ.

ಹತ್ತು ಹೂವಿಗೆ ಮಾಡಿದರೆ ಎರಡು ಮೂರು ನಿಂತರೂ ಗೆದ್ದಂತೆ. ಆ ಕೊಂಬೆಯ ಬೇರೆ ಹೂವು ಕಾಯಿ ಎಲ್ಲ ತೆಗೆದುಹಾಕಿ, ಗಿಡ ಕ್ರಾಸ್ ಆದ ಕಾಯಿಯನ್ನು ಸಾಕಲಿ. ಐವತ್ತು ಅರವತ್ತು ದಿನಕ್ಕೆ ಕಾಯಿ ಪೂರ್ತಿ ಕೆಂಪಾಗುತ್ತದೆ.

ಇಲ್ಲಿ ಸುಮಾರು ಜನ ಗೊಂದಲಕ್ಕೆ ಬೀಳುತ್ತಾರೆ. ಕ್ರಾಸ್ ಮಾಡಿದ ಕಾಯಿ ನೋಡಲು ತಾಯಿಯ ಕಾಯಿಯಂತೆಯೇ ಇರುತ್ತದೆ, ರುಚಿಯೂ ಅದೇ. ಹೊಸತು ಇರುವುದು ಒಳಗಿನ ಬೀಜದಲ್ಲಿ.

ಎಫ್1: ಎಲ್ಲ ಒಂದೇ ಥರ

ಆ ಬೀಜದಿಂದ ಬರುವ ಗಿಡಗಳೇ ಎಫ್1. ತಂದೆ ತಾಯಿ ಇಬ್ಬರೂ ಶುದ್ಧ ತಳಿಯಾಗಿದ್ದರೆ ಎಲ್ಲ ಗಿಡ ಒಂದೇ ಥರ ಇರುತ್ತವೆ, ಹಾಗಾಗಿ ಐದಾರು ಗಿಡ ಸಾಕು. ಫೆಬ್ರವರಿಯಲ್ಲಿ ತಾರಸಿಯ ಕುಂಡದಲ್ಲಿ, ನೆರಳು ಪರದೆಯ ಕೆಳಗೆ ಬೆಳೆಸಿಬಿಡಿ. ಕಾಯಿ ಜೋತು ಬಿದ್ದಿದೆಯಾ ನೋಡಿ. ಎಫ್1 ಗಿಡ ಭರ್ಜರಿಯಾಗಿ ಬೆಳೆಯುವುದು ಸಾಮಾನ್ಯ, ಅದನ್ನು ನೋಡಿ "ತಳಿ ಸಿಕ್ಕಿತು" ಅಂತ ಬೀಜ ಹಂಚಬೇಡಿ. ಮುಂದಿನ ತಲೆಮಾರಲ್ಲಿ ಎಲ್ಲ ಚದುರಿಹೋಗುತ್ತದೆ.

ಡಬ್ಬಿಯ ಬಣ್ಣ ಮತ್ತು ಸುಕ್ಕಿಗೆ ಒಂದೆರಡು ಜೀನ್ ಅಲ್ಲ, ಬಹಳ ಜೀನ್‌ಗಳು ಸೇರಿ ಕೆಲಸ ಮಾಡುತ್ತವೆ. ನೇರವಾಗಿ ಎಫ್2 ಮಾಡಿದರೆ ಡಬ್ಬಿಯ ಹತ್ತಿರಕ್ಕೆ ಬರುವ ಗಿಡ ಸಿಗುವುದು ಅಪರೂಪ. ಅದಕ್ಕೆ ನನ್ನ ಸಲಹೆ: ಎಫ್1 ಅನ್ನು ಇನ್ನೊಮ್ಮೆ ಡಬ್ಬಿಗೇ ಕ್ರಾಸ್ ಮಾಡಿ. ಆಗ ಸರಾಸರಿ ಮುಕ್ಕಾಲು ಪಾಲು ಡಬ್ಬಿ ರಕ್ತ, ಕಾಲು ಪಾಲು ಸದಾಬಹಾರ್. ಈ ಮರುಕ್ರಾಸಿನ ಗಿಡಗಳು ಒಂದರಂತೆ ಒಂದಿರುವುದಿಲ್ಲ, ಆದ್ದರಿಂದ ಇಪ್ಪತ್ತು ಮೂವತ್ತು ಗಿಡವಾದರೂ ಬೆಳೆಸಿ, ರೋಗ ತಡೆದ ನಾಲ್ಕೈದನ್ನು ಆರಿಸಿ ಅವುಗಳ ಬೀಜ ಮುಂದಕ್ಕೆ ತಗೊಳ್ಳಿ. ಒಂದು ಹಂಗಾಮು ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ. ನಿಮಗೆ ಡಬ್ಬಿಯಂಥದ್ದೇ ಬೇಕಿಲ್ಲ, ಹೊಸ ಆಕಾರ ಹೊಸ ರುಚಿ ಹುಡುಕುತ್ತಿದ್ದೀರಿ ಅಂದರೆ ಮರುಕ್ರಾಸ್ ಬಿಟ್ಟು ನೇರ ಎಫ್2ಗೆ ಹೋಗಿ.

ಎಫ್2: ಗುಂಪು ಬೇಕಾಗುವುದು ಇಲ್ಲೇ

ಎಫ್1 ಗಿಡದ ಬೀಜ ಬಿತ್ತಿದರೆ ಎಫ್2. ಮರುಕ್ರಾಸಿನಲ್ಲಿ ಆರಿಸಿದ ಗಿಡಗಳ ಬೀಜ ಬಿತ್ತಿದವರಿಗೂ ಮುಂದಿನ ಕ್ರಮ ಇದೇ. ಈಗ ಎಲ್ಲ ಗುಣಗಳೂ ಕಲಸಿ ಹೊರಗೆ ಬರುತ್ತವೆ. ಉದ್ದ, ಗಿಡ್ಡ, ಜೋತು ಬಿದ್ದದ್ದು, ಮೇಲೆ ನಿಂತದ್ದು, ಘಾಟು, ಸಪ್ಪೆ, ಎಲ್ಲ ಒಂದೇ ಸಾಲಿನಲ್ಲಿ.

ಲೆಕ್ಕ ನೋಡಿ. ಅಡಗುವ ಒಂದು ಗುಣ ಎಫ್2ನಲ್ಲಿ ನಾಲ್ಕಕ್ಕೆ ಒಂದು ಗಿಡದಲ್ಲಿ ಕಾಣುತ್ತದೆ. ಅಂಥ ಗಿಡ ಒಂದಾದರೂ ಸಿಗಬೇಕು, ನೂರಕ್ಕೆ 95 ಪಾಲು ನಂಬಿಕೆ ಇರಬೇಕು ಅಂದರೆ 11 ಗಿಡ ಬೆಳೆಸಬೇಕು. ಎರಡು ಗುಣ ಒಟ್ಟಿಗೆ ಬೇಕಾದರೆ ಹದಿನಾರಕ್ಕೆ ಒಂದು, 47 ಗಿಡ. ಮೂರು ಗುಣವಾದರೆ ಅರವತ್ನಾಲ್ಕಕ್ಕೆ ಒಂದು, 191 ಗಿಡ. ಇದು ಒಂದೇ ಒಂದು ಗಿಡ ಸಿಗಲು ಬೇಕಾದ ಸಂಖ್ಯೆ. ಆ ಒಂದು ಗಿಡಕ್ಕೆ ರೋಗ ಬಂದರೆ ಮುಗಿಯಿತು. ಬಣ್ಣದಂಥ ಬಹಳ ಜೀನ್‌ಗಳ ಗುಣಕ್ಕೆ ಇನ್ನೂ ಜಾಸ್ತಿ ಬೇಕು. ಒಬ್ಬರ ಹಿತ್ತಿಲಲ್ಲಿ ಮುನ್ನೂರು ಗಿಡ ಆಗುವುದಿಲ್ಲ, ಹತ್ತು ಮನೆಗೆ ಮೂವತ್ತು ಮೂವತ್ತು ಹಂಚಿದರೆ ಆರಾಮಾಗಿ ಆಗುತ್ತದೆ.

ಟೊಮೆಟೊದಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. ಕುಂಡದಲ್ಲಿ ಬೆಳೆಯುವ ಗಿಡ್ಡ ಟೊಮೆಟೊ ಬೇಕು ಅಂತ ಅಮೆರಿಕದ ಕ್ರೇಗ್ ಲಹೂಲಿಯರ್, ಆಸ್ಟ್ರೇಲಿಯಾದ ಪಟ್ರಿನಾ ನಸ್ಕೆ ಸ್ಮಾಲ್ 2005ರ ಸುಮಾರಿಗೆ ಶುರುಮಾಡಿದ ಕೆಲಸಕ್ಕೆ ಎರಡೂ ದೇಶದ ಮನೆತೋಟದವರು ಕೈಜೋಡಿಸಿ, ನೂರಕ್ಕೂ ಹೆಚ್ಚು ತಳಿ ಹೊರತಂದರು. ಒಂದು ದೇಶದಲ್ಲಿ ಚಳಿಗಾಲ ಇದ್ದಾಗ ಇನ್ನೊಂದರಲ್ಲಿ ಬೇಸಿಗೆ, ಹಾಗಾಗಿ ವರ್ಷಕ್ಕೆ ಎರಡು ತಲೆಮಾರು ಸಿಕ್ಕಿತು. ನಮಗೆ ದೇಶ ದಾಟುವ ಅಗತ್ಯವಿಲ್ಲ, ನೀರು ನೆರಳು ಇದ್ದರೆ ಇಲ್ಲೇ ಎರಡು ತಲೆಮಾರು ತೆಗೆಯಬಹುದು.

ಪ್ರತಿ ಮನೆಯವರೂ ತಮ್ಮ ಮೂವತ್ತು ಗಿಡದ ಜೊತೆ ಮೂರು ಡಬ್ಬಿ, ಮೂರು ಸದಾಬಹಾರ್ ನೆಡಲೇಬೇಕು. ಇದನ್ನು ಬಿಟ್ಟರೆ ಹೋಲಿಸುವುದಕ್ಕೇ ಆಗುವುದಿಲ್ಲ. ನೀರು ಕಡಿಮೆಯಾದರೆ ಅದೇ ಗಿಡದ ಕಾಯಿ ಖಾರ ಜಾಸ್ತಿ ಆಗುತ್ತದೆ, ಎರೆ ಹೊಲದ ಕಾಯಿಗೂ ಮಸಾರಿ ಹೊಲದ ಕಾಯಿಗೂ ವ್ಯತ್ಯಾಸ ಇರುತ್ತದೆ. "ನಮ್ಮ 14ನೇ ಗಿಡ ಬಲು ಕೆಂಪು" ಅಂದರೆ ಯಾವುದಕ್ಕಿಂತ? ಅದೇ ಹೊಲದ ಡಬ್ಬಿಗಿಂತ ಅಂತ ಹೇಳಲು ಬರಬೇಕು.

ರೋಗ ತಡೆಯುವ ಗಿಡ ಬೇಕಾದರೆ ಒಂದಿಬ್ಬರಾದರೂ ಔಷಧಿ ಹೊಡೆಯದೆ ಬೆಳೆಸಬೇಕು. ಮುಟುರು ಜಾಸ್ತಿ ಬರುವ ಊರಿನವರಿಗೇ ಈ ಕೆಲಸ ಒಪ್ಪಿಸಿ. ನೋವಿನ ಕೆಲಸ, ಮುಕ್ಕಾಲು ಪಾಲು ಗಿಡ ಹಾಳಾಗುವುದನ್ನು ಕಣ್ಣಾರೆ ನೋಡಬೇಕು. ಆ ಮನೆಯವರಿಗೆ ಆಗುವ ನಷ್ಟವನ್ನು ಗುಂಪೇ ತುಂಬಿಕೊಡಬೇಕು, ಇದನ್ನು ಮೊದಲೇ ಮಾತಾಡಿಕೊಳ್ಳಿ. ಎಲ್ಲೂ ರೋಗವೇ ಬರಲಿಲ್ಲ ಅಂದರೆ ಆ ವರ್ಷ ರೋಗದ ಬಗ್ಗೆ ಏನೂ ತೀರ್ಮಾನ ಮಾಡಬೇಡಿ.

ಚೀಟಿ ಕಳೆದರೆ ಗಿಡ ಕಳೆದಂತೆ

ಹೆಸರಿಡುವ ಕ್ರಮ ಒಂದೇ ಇರಲಿ. ಕ್ರಾಸಿನ ಹೆಸರು, ತಲೆಮಾರು, ಮನೆಯ ಗುರುತು, ಗಿಡದ ನಂಬರು. "ಸಡ-ಎಫ್2-ಹಾ-17" ಅಂದರೆ ಸದಾಬಹಾರ್ ಡಬ್ಬಿ ಕ್ರಾಸ್, ಎರಡನೇ ತಲೆಮಾರು, ಹಾವೇರಿ ಮನೆ, 17ನೇ ಗಿಡ. ಅದರ ಬೀಜದಿಂದ ಬಂದ 5ನೇ ಗಿಡ "ಸಡ-ಎಫ್3-ಹಾ-17-5". ಈ ಸರಪಳಿ ಒಂದು ಕಡೆ ತುಂಡಾದರೆ ಆ ಬೀಜದ ಕಥೆ ಅಲ್ಲಿಗೇ ನಿಂತುಹೋಗುತ್ತದೆ. ಹಳೆಯ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ, ಮೊಳೆಯಲ್ಲಿ ಒತ್ತಿ ಬರೆದ ತಗಡಿನ ಚೀಟಿ ಬಿಸಿಲಿಗೂ ಮಳೆಗೂ ಜಗ್ಗುವುದಿಲ್ಲ. ಜೊತೆಗೆ ಹೊಲದ ನಕ್ಷೆ ಕಾಗದದ ಮೇಲೆ ಇರಲಿ.

ವಾಟ್ಸಾಪ್ ಗುಂಪಿಗೆ ಫೋಟೋ ಹಾಕುವಾಗ ಕಾಯಿ, ಚೀಟಿ, ಪಕ್ಕದಲ್ಲಿ ಒಂದು ನಾಣ್ಯ ಮೂರೂ ಕಾಣಬೇಕು. ಚೀಟಿ ಇಲ್ಲದ ಫೋಟೋ ಎಷ್ಟೇ ಚಂದ ಇದ್ದರೂ ಲೆಕ್ಕಕ್ಕೆ ತಗೊಳ್ಳಬೇಡಿ. ಫೋನ್ ಕೆಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಪುಸ್ತಕಕ್ಕೆ ಇಳಿಸುವ ಅಭ್ಯಾಸ ಇರಲಿ.

ಆರಿಸುವ ದಿನ

ಹಸಿಗಾಯಿ ನೋಡಿ ಮೊದಲ ಸುತ್ತು. ಕೆಂಪಾದಾಗ ಎರಡನೇ ಸುತ್ತು. ಒಣಗಿದ ಮೇಲೆ ಮೂರನೇ ಸುತ್ತು, ನಿಜವಾದ ಆಯ್ಕೆ ಇದೇ. ಒಂದೊಂದು ಗಿಡದ ಕಾಯಿಯನ್ನು ಬೇರೆ ಬೇರೆ ಬಲೆ ಚೀಲದಲ್ಲಿ ಹಾಕಿ, ಹಸಿ ತೂಕ ಬರೆದು, ಎಲ್ಲವನ್ನೂ ಒಂದೇ ಕಣದಲ್ಲಿ ಒಣಗಿಸಿ, ಒಣ ತೂಕ ಬರೆಯಿರಿ. ಎಷ್ಟು ಕಾಯಿ ಬಿಳಿಚಿಕೊಂಡಿವೆ ಎಣಿಸಿ. ಆಮೇಲೆ ತೊಟ್ಟು ಬಿಡಿಸಿ ಗೊತ್ತಿರುವವರ ಕೈಗೆ ಕೊಡಿ. ಅವರಿಗೆ ನಂಬರು ಹೇಳಬೇಡಿ, ಯಾರ ಹೊಲದ್ದು ಅಂತಲೂ ಹೇಳಬೇಡಿ. ನಾಲ್ಕು ಗುಂಪು ಮಾಡಿ ಕೊಡಲಿ ಅಷ್ಟೆ.

ಬಣ್ಣಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಬೀಜ ತೆಗೆದ ಸಿಪ್ಪೆಯನ್ನು ನುಣ್ಣಗೆ ಪುಡಿಮಾಡಿ, ಪ್ರತಿಯೊಂದರಿಂದ ಒಂದೇ ತೂಕದ ಪುಡಿಯನ್ನು ಒಂದೇ ಅಳತೆಯ ಬೆಚ್ಚಗಿನ ಎಣ್ಣೆಗೆ ಹಾಕಿ, ರಾತ್ರಿಯಿಡೀ ಕತ್ತಲಲ್ಲಿಟ್ಟು, ಬೆಳಿಗ್ಗೆ ಸೋಸಿ ಗಾಜಿನ ಲೋಟದಲ್ಲಿ ಬಿಳಿ ಹಾಳೆಯ ಮುಂದೆ ಸಾಲಾಗಿ ಇಡಿ. ನಡುವೆ ಡಬ್ಬಿಯ ಲೋಟ ಇರಲಿ. ಕಣ್ಣಿಗೇ ಗೊತ್ತಾಗುತ್ತದೆ. ವ್ಯಾಪಾರಿಗಳು ಕೇಳುವ ಆಸ್ಟಾ ನಂಬರು, ಅಂದರೆ ಬಣ್ಣದ ಅಳತೆ, ಬೇಕಾದರೆ ಲ್ಯಾಬಿಗೆ ಕಳಿಸಬೇಕು. ದುಡ್ಡು ಖರ್ಚಾಗುತ್ತದೆ, ಕೊನೆಗೆ ಎರಡು ಮೂರು ಸಾಲು ಉಳಿದಾಗ ಮಾತ್ರ ಮಾಡಿಸಿ.

ಖಾರ ನೋಡುವಾಗ ತುದಿ ಕಡಿದರೆ ಏನೂ ತಿಳಿಯುವುದಿಲ್ಲ. ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಕಾಯಿಯ ಮಧ್ಯದಿಂದ, ದಿಂಡು ಸೇರಿ ಒಂದು ಸಣ್ಣ ಚೂರು ತೆಗೆದು ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ. ಒಂದು ಸಲಕ್ಕೆ ಐದಾರಕ್ಕಿಂತ ಜಾಸ್ತಿ ಬೇಡ, ನಾಲಿಗೆ ಜೋಮು ಹಿಡಿಯುತ್ತದೆ. ನಡುನಡುವೆ ಮೊಸರು ತಿನ್ನಿ. ಕೊನೆಗೆ ಉಳಿದ ನಾಲ್ಕೈದು ಗಿಡದ ಪುಡಿಯಲ್ಲಿ ಒಂದೇ ಥರದ ಸಾರು ಮಾಡಿ ಎಲ್ಲರೂ ಕೂತು ಉಣ್ಣಿ. ಪುಡಿಯ ವಾಸನೆ ಕುದಿದಾಗ ಹೇಗಿರುತ್ತದೆ ಅನ್ನುವುದು ಬೇರೆ ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ.

ಆರಿಸಿದ ಗಿಡದ ಬೀಜ ಶುದ್ಧ ಇರಬೇಕು

ಮೆಣಸು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಆದರೆ ಜೇನು, ಇರುವೆ, ಥ್ರಿಪ್ಸ್ ಪಕ್ಕದ ಗಿಡದ ಪರಾಗ ತಂದು ಕಲಬೆರಕೆ ಮಾಡುವುದೂ ಸಾಕಷ್ಟಿದೆ. ಹಾಗಾಗಿ ಮುಚ್ಚದೆ ಬಿಟ್ಟ ಹೂವಿನ ಕಾಯಿಯ ಬೀಜ ಮುಂದಿನ ತಲೆಮಾರಿಗೆ ಬೇಡ.

ಹಳೆಯ ಸೊಳ್ಳೆ ಪರದೆಯಲ್ಲಿ ಗೇಣುದ್ದದ ಚೀಲ ಹೊಲಿಯಿರಿ. ಮೊಗ್ಗು ತುಂಬಿದ ಕೊಂಬೆಯಲ್ಲಿ ಅರಳಿದ ಹೂವು, ನಿಂತ ಕಾಯಿ ಎಲ್ಲ ತೆಗೆದು, ಮೊಗ್ಗು ಮಾತ್ರ ಉಳಿಸಿ ಚೀಲ ಹಾಕಿ ಕಟ್ಟಿ. ದಿನಾ ಬೆಳಿಗ್ಗೆ ಕೊಂಬೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಕಾಯಿ ನಿಂತ ಮೇಲೆ ಚೀಲ ತೆಗೆದು ಆ ಕಾಯಿಗಳ ತೊಟ್ಟಿಗೆ ಕೆಂಪು ದಾರ ಕಟ್ಟಿ. ಕೆಂಪು ದಾರದ ಕಾಯಿಯನ್ನು ಅಡುಗೆಗೆ ಕೀಳಬಾರದು ಅಂತ ಮನೆಮಂದಿಗೆಲ್ಲ ಹೇಳಿಡಿ. ಚೀಲ ಇಲ್ಲದಿದ್ದರೆ ನಾಳೆ ಅರಳುವ ಮೊಗ್ಗಿನ ತುದಿಗೆ ಒಂದು ಹನಿ ಫೆವಿಕಾಲ್ ಹಚ್ಚಿದರೂ ಆಗುತ್ತದೆ, ಹೂವು ಬಾಯಿ ಬಿಡದೆ ಒಳಗೊಳಗೇ ಕಾಯಿ ಕಟ್ಟುತ್ತದೆ.

ಮೆಣಸಿನಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ಗಿಡ ತಿಂಗಳುಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ಮೊದಲ ಕಾಯಿ ತಿಂದು ನೋಡಿ, ಇದು ಬೇಕು ಅನ್ನಿಸಿದ ಮೇಲೆ ಮುಂದಿನ ಹೂವಿಗೆ ಚೀಲ ಹಾಕಿದರೂ ಸಾಕು. ಅಷ್ಟೇ ಅಲ್ಲ, ತುಂಬಾ ಒಳ್ಳೆಯ ಗಿಡವನ್ನು ಹಂಗಾಮು ಮುಗಿದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಬೇರುಮಣ್ಣು ಸಮೇತ ದೊಡ್ಡ ಕುಂಡಕ್ಕೆ ಇಳಿಸಿ ನೆರಳಲ್ಲಿಟ್ಟರೆ ಮರುವರ್ಷವೂ ಬೀಜ ಕೊಡುತ್ತದೆ.

ಎಫ್3ರಿಂದ ಮುಂದಕ್ಕೆ

ಎಫ್2ನಲ್ಲಿ ಆರಿಸಿದ ಹತ್ತು ಗಿಡಗಳ ಬೀಜವನ್ನು ಬೇರೆ ಬೇರೆ ಸಾಲಾಗಿ ಬೆಳೆಸಿ, ಬೆರೆಸಬೇಡಿ. ಸಾಲಿಗೆ ಹದಿನೈದು ಇಪ್ಪತ್ತು ಗಿಡ. ಒಂದೇ ಸಾಲನ್ನು ಎರಡು ಊರಲ್ಲಾದರೂ ಹಾಕಿ. ಮೊದಲು ಒಳ್ಳೆಯ ಸಾಲು ಆರಿಸಿ, ಆಮೇಲೆ ಆ ಸಾಲಿನೊಳಗೆ ಒಳ್ಳೆಯ ಗಿಡ ಆರಿಸಿ. ಪ್ರತಿ ತಲೆಮಾರಿಗೂ ಒಳಗಿನ ಮಿಶ್ರಣ ಅರ್ಧಕ್ಕರ್ಧ ಇಳಿಯುತ್ತದೆ: ಎಫ್2ನಲ್ಲಿ ನೂರಕ್ಕೆ 50 ಪಾಲು, ಎಫ್3ನಲ್ಲಿ 25, ಎಫ್4ನಲ್ಲಿ 12.5, ಎಫ್6ಕ್ಕೆ ಬರುವ ಹೊತ್ತಿಗೆ 3ರ ಆಸುಪಾಸು. ಎಫ್6 ಎಫ್7ರಲ್ಲಿ ಸಾಲಿಗೆ ಸಾಲೇ ಒಂದೇ ಥರ ನಿಲ್ಲುತ್ತದೆ.

ಆಯ್ಕೆ ಮಾಡುವುದು ಮುಂಗಾರಿನ ಬೆಳೆಯಲ್ಲಿ ಮಾತ್ರ, ಯಾಕೆಂದರೆ ರೈತರು ಬೆಳೆಯುವುದು ಆಗಲೇ. ಬೇಸಿಗೆಯ ಕುಂಡದ ಬೆಳೆಯಲ್ಲಿ ಆರಿಸಲು ಹೋಗಬೇಡಿ, ಪ್ರತಿ ಗಿಡದಿಂದಲೂ ಒಂದೆರಡು ಕಾಯಿ ಬೀಜ ತೆಗೆದು ಮುಂದೆ ತಳ್ಳಿ ಅಷ್ಟೆ.

ಎಫ್4 ಹೊತ್ತಿಗೆ ಜಗಳ ಶುರುವಾಗುತ್ತದೆ. ಒಬ್ಬರಿಗೆ ಇಳುವರಿ, ಇನ್ನೊಬ್ಬರಿಗೆ ಬಣ್ಣ. ಸಾಲುಗಳು ಐದಕ್ಕಿಂತ ಕಡಿಮೆಯಾದ ಮೇಲೆ ಎರಡು ತಳಿ ಮಾಡಿಬಿಡಿ. ಒಂದನ್ನೇ ಉಳಿಸಬೇಕು ಅಂತ ಯಾವ ನಿಯಮವೂ ಇಲ್ಲ.

ಬೀಜ ಕಳಿಸುವಾಗ ರೋಗ ಕಳಿಸಬೇಡಿ

ಮೆಣಸಿನ ಕೆಲವು ನಂಜಾಣು ರೋಗಗಳು ಬೀಜದ ಜೊತೆ ಹೋಗುತ್ತವೆ. ತಂಬಾಕಿನ ಮೊಸಾಯಿಕ್ ನಂಜು ಕೈಯಿಂದಲೂ ಹರಡುತ್ತದೆ. ಬೀಡಿ, ಗುಟ್ಕಾ, ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರು ಸೋಪಿನಲ್ಲಿ ಕೈ ತೊಳೆಯದೆ ಗಿಡ ಮುಟ್ಟಬಾರದು. ರೋಗದ ಗಿಡದಿಂದ ಬೀಜ ತೆಗೆಯಬೇಡಿ.

ಕಾಯಿ ಪೂರ್ತಿ ಹಣ್ಣಾದ ಮೇಲೆ ಕಿತ್ತು, ನೆರಳಲ್ಲಿ ಬಾಡಿಸಿ, ಬೀಜ ಬಿಡಿಸಿ, ಮತ್ತೆ ನೆರಳಲ್ಲೇ ಒಣಗಿಸಿ. ಬಗ್ಗಿಸಿದರೆ ಬಾಗದೆ ಪಟ್ ಅಂತ ಮುರಿಯಬೇಕು. ತೇವಾಂಶ ನೂರಕ್ಕೆ 8ರೊಳಗೆ, ಗಾಳಿಯಾಡದ ಡಬ್ಬಕ್ಕಾದರೆ 6ರೊಳಗೆ ಇರಬೇಕು ಅನ್ನುವುದು ಪ್ರಮಾಣಿತ ಬೀಜದ ನಿಯಮ. ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹಂಚುವ ಮುಂಚೆ ಒದ್ದೆ ಬಟ್ಟೆಯಲ್ಲಿ ಐವತ್ತು ಬೀಜ ಮೊಳಕೆ ಕಟ್ಟಿ ನೋಡಿ, ಮೂವತ್ತಾದರೂ ಮೊಳೆಯಬೇಕು.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣತಮ್ಮಂದಿರಿಗೂ ಆಸೆ ಇರುತ್ತದೆ. ಲಕೋಟೆಯಲ್ಲಿ ಹಾಕಿ ಸುಮ್ನೆ ಪೋಸ್ಟ್ ಮಾಡಬೇಡಿ, ತರಿಸಿಕೊಳ್ಳಲೂ ಬೇಡಿ. ದೇಶ ದಾಟುವ ಬೀಜಕ್ಕೆ ಅನುಮತಿ ಪತ್ರ, ರೋಗಮುಕ್ತ ಪ್ರಮಾಣಪತ್ರ ಬೇಕು. ಹೊಸ ಕೀಟ ಒಳಗೆ ಬಂದರೆ ಏನಾಗುತ್ತದೆ ಅಂತ ಕಪ್ಪು ಥ್ರಿಪ್ಸ್ ಈಗಾಗಲೇ ತೋರಿಸಿಕೊಟ್ಟಿದೆ.

ಹೆಸರು, ಹಕ್ಕು, ಒಪ್ಪಂದ

2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆ ನಮ್ಮ ಪರವಾಗಿದೆ. ನೋಂದಾಯಿತ ತಳಿಯನ್ನೂ ಹೊಸ ತಳಿ ಮಾಡುವ ಪ್ರಯೋಗಕ್ಕೆ ಬಳಸಲು 30ನೇ ಕಲಂ ಅವಕಾಶ ಕೊಡುತ್ತದೆ. 39ನೇ ಕಲಂ ಪ್ರಕಾರ ರೈತರು ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು; ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಚ್ಚಿ ಮಾರುವಂತಿಲ್ಲ ಅಷ್ಟೆ. ಹೊಸ ತಳಿ ಮಾಡಿದ ರೈತರು ಅದನ್ನು ನೋಂದಾಯಿಸಬಹುದು. ನೋಂದಣಿಗೆ ತಳಿ ಬೇರೆಯದಕ್ಕಿಂತ ಭಿನ್ನವಾಗಿರಬೇಕು, ಏಕರೂಪವಾಗಿರಬೇಕು, ವರ್ಷದಿಂದ ವರ್ಷಕ್ಕೆ ಸ್ಥಿರವಾಗಿರಬೇಕು. ಅರ್ಜಿಗೆ ಕೃಷಿ ವಿಜ್ಞಾನ ಕೇಂದ್ರದವರ ಸಹಾಯ ಕೇಳಿ.

ಹೆಸರಿನಲ್ಲಿ "ಬ್ಯಾಡಗಿ" ಸೇರಿಸಬೇಡಿ. ಆ ಹೆಸರಿಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ, ಸದಾಬಹಾರ್ ರಕ್ತ ಬೆರೆತ ತಳಿಗೆ ಅದನ್ನು ಅಂಟಿಸಿದರೆ ಅಸಲಿ ಡಬ್ಬಿ ಬೆಳೆಯುವವರಿಗೇ ಪೆಟ್ಟು. ನಿಮ್ಮ ಹಳ್ಳದ ಹೆಸರಿಡಿ, ಬೆಟ್ಟದ ಹೆಸರಿಡಿ.

ಗುಂಪಿನೊಳಗಿನ ಒಪ್ಪಂದವನ್ನು ಮೊದಲ ವರ್ಷವೇ ಬರೆದು ಎಲ್ಲರೂ ಸಹಿ ಹಾಕಿ. ಒಂದು ಪುಟ ಸಾಕು. ತಳಿ ಯಾರೊಬ್ಬರ ಹೆಸರಿಗೂ ಹೋಗಬಾರದು. ನಡುವೆ ಬಿಟ್ಟುಹೋಗುವವರು ಬೀಜ ವಾಪಸು ಕೊಡಬೇಕು. ಹೊರಗಿನವರಿಗೆ ಎಫ್6ರ ಮುಂಚೆ ಬೀಜ ಕೊಡಬಾರದು. ಡಬ್ಬಿ ಬೀಜ ಕೊಟ್ಟ ರೈತರ ಹೆಸರು ತಳಿಯ ಚರಿತ್ರೆಯಲ್ಲಿ ಬರೆಯಲೇಬೇಕು, ಮಾರಾಟದಲ್ಲಿ ಪಾಲು ಎಷ್ಟು ಅಂತಲೂ ಬರೆಯಿರಿ. ಅಮೆರಿಕದಲ್ಲಿ 2012ರಲ್ಲಿ ಶುರುವಾದ ಓಪನ್ ಸೋರ್ಸ್ ಸೀಡ್ ಇನಿಷಿಯೇಟಿವ್‌ನವರು ಬೀಜದ ಜೊತೆ ಒಂದು ಮಾತು ಕೊಟ್ಟು ಕಳಿಸುತ್ತಾರೆ: ಈ ಬೀಜ ಹೇಗೆ ಬೇಕಾದರೂ ಬಳಸಿ, ಬೇರೆಯವರು ಬಳಸದಂತೆ ಮಾತ್ರ ಬೇಲಿ ಹಾಕಬೇಡಿ. ಆ ಥರದ ಸಾಲು ನಿಮ್ಮ ಬೀಜದ ಪೊಟ್ಟಣದ ಮೇಲೂ ಇರಲಿ ಅನ್ನುವುದು ನನ್ನ ಆಸೆ.

ಬೀಜ ಹೆಚ್ಚಿಸುವುದು

ತಳಿ ನಿಂತ ಮೇಲೆ ಒಂದು ಮನೆಯವರು ಮಾತ್ರ ಬೀಜದ ಬೆಳೆ ತೆಗೆಯಲಿ, ಇನ್ನೊಂದು ಮನೆಯವರು ಮರುವರ್ಷ. ಬೇರೆ ಮೆಣಸಿನ ಹೊಲದಿಂದ 400 ಮೀಟರ್ ದೂರ ಇದ್ದರೆ ಉತ್ತಮ, 200 ಮೀಟರ್‌ಗಿಂತ ಹತ್ತಿರ ಬೇಡ. ಸಿಗದಿದ್ದರೆ ಪೂರ್ತಿ ಬಲೆಮನೆ ಮಾಡಿ. ಹೂ ಬಿಡುವ ಮುಂಚೆ ಒಮ್ಮೆ, ಕಾಯಿ ಆಕಾರ ಕಂಡಾಗ ಒಮ್ಮೆ, ಕೆಂಪಾದಾಗ ಒಮ್ಮೆ ಸಾಲಿನುದ್ದಕ್ಕೂ ನಡೆದು ಬೇರೆ ಥರ ಕಂಡ ಗಿಡವನ್ನು ಬುಡಸಮೇತ ಕಿತ್ತುಹಾಕಿ. ಕಾಯಿ ಮೇಲ್ಮುಖವಾಗಿ ನಿಂತ ಗಿಡ ಒಂದು ಕಂಡರೂ ಅದು ಎಲ್ಲಿಂದ ಬಂತು ಅಂತ ಪುಸ್ತಕ ತೆಗೆದು ಹುಡುಕಿ. ಬೀಜವನ್ನು ಒಂದೇ ಚಂದದ ಗಿಡದಿಂದ ತೆಗೆಯದೆ, ಕನಿಷ್ಠ ಇಪ್ಪತ್ತು ಮೂವತ್ತು ಗಿಡದಿಂದ ಸಮಸಮ ತೆಗೆದು ಬೆರೆಸಿ. ಒಂದು ಗ್ರಾಮಿಗೆ ನೂರೈವತ್ತರ ಮೇಲೆ ಬೀಜ ಬರುತ್ತವೆ, ಹಾಗಾಗಿ ಮೊದಲ ವರ್ಷ ಹತ್ತು ಗ್ರಾಂ ಪೊಟ್ಟಣ ಕೊಟ್ಟರೂ ಒಂದು ಮನೆಗೆ ಧಾರಾಳ. ಪೊಟ್ಟಣದ ಮೇಲೆ ತಳಿಯ ಹೆಸರು, ಬೆಳೆದ ವರ್ಷ, ಬೆಳೆದ ಊರು, ಮೊಳಕೆಯ ಪ್ರಮಾಣ ಬರೆಯಿರಿ, ತಗೊಂಡವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಮುಂದಿನ ಜನವರಿಯಲ್ಲಿ ಅವರ ಕಣಕ್ಕೆ ಹೋಗಿ ಒಣಗಿದ ಕಾಯಿ ನೋಡಿ ಬನ್ನಿ.